ಕೇಳದವನಿಗೆ ಕೊಟ್ಟದ್ದು

ಮೊನ್ನೆ ಸೇಡಂನ ನಮ್ಮ ಮನೆಯ ಅಂಗಳಕ್ಕೆ ಫರಸಿ ಹಾಕಿಸುತ್ತಿದ್ದೆ. ಮಕ್ಕಳು ಟೈಲ್ಸ್ ಅಂದರು, ನಾನು ಶಹಾಬಾದಿ ಕಲ್ಲೇ ಬೇಕೆಂದು ಹಟ ಹಿಡಿದೆ. ಗೌಂಡಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಸುರಿದು ಕೊಯ್ಯುತ್ತಿದ್ದ. ಆಗ ಒಂದು ವಾಸನೆ ಏಳುತ್ತದಲ್ಲ, ತೊಯ್ದ ಕಲ್ಲಿನದು... ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ಟೀಚರಬಾಯಿ ಕಣ್ಣ ಮುಂದೆ ಬಂದು ನಿಂತರು. ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ಅದು ನಾನು ಅಕ್ಷರ ಕಲಿತ ಶಾಲೆಯ ವಾಸನೆ. ವಾಡಿಗೂ ಶಹಾಬಾದಿಗೂ ನಡುವೆ, ಫರಸಿ ಕಲ್ಲಿನ ಖಣಿಯ ಮಗ್ಗುಲಲ್ಲಿ ನಮ್ಮ ಓಣಿ ಇತ್ತು. ಓಣಿಯ ತುದಿಗೆ ತಗಡು ಹೊದಿಸಿದ ಸಣ್ಣ ಚರ್ಚು. ಭಾನುವಾರ ಅಲ್ಲಿ ಪ್ರಾರ್ಥನೆ, ಉಳಿದ ದಿನ ನಮ್ಮ ಶಾಲೆ. ಎಲ್ಲರ ಹತ್ತಿರ ಪಾಟಿ ಎಲ್ಲಿಂದ ಬರಬೇಕು? ಟೀಚರಬಾಯಿ ನೆಲದ ಹಾಸುಗಲ್ಲಿನ ಮೇಲೆಯೇ ಸುಣ್ಣದ ಕಡ್ಡಿಯಿಂದ ಬರೆಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ತಪ್ಪಿದರೆ ಹಸಿ ಅರಿವೆಯಿಂದ ಒರೆಸಿ ಮತ್ತೆ ಬರೆಯಬೇಕು. ಕಾಗುಣಿತ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ಪುಕ್ಕಟೆ ಒಂದು ಮಾರ್ಕು ಕೊಟ್ಟವರಲ್ಲ.

ನಮ್ಮದು ಟೀಚರಬಾಯಿಯ ಹಾಗೆ ಕ್ರೈಸ್ತರ ಮನೆಯಲ್ಲ. ಅಪ್ಪ ಗೋಡೆಗೆ ಬುದ್ಧನ ಪಟ ಹಾಕಿದ್ದ. ಅಪ್ಪ, ಅವ್ವ ಇಬ್ಬರೂ ಖಣಿಯಲ್ಲಿ ಕಲ್ಲು ಕಡಿದವರು, ಇಬ್ಬರದೂ ಹೆಬ್ಬೆಟ್ಟು. ನಾನು ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ನಿಂತುಕೊಂಡೇ ಗುಲ್ಬರ್ಗಾಕ್ಕೆ ಹೋಗಿ ಬಂದು ಬಿ.ಎ. ಮಾಡಿದೆ. ನಮ್ಮ ಓಣಿಯಲ್ಲಿ, ಗಂಡು ಹೆಣ್ಣು ಎಲ್ಲ ಸೇರಿಸಿ, ಡಿಗ್ರಿ ಮಾಡಿದ ಮೊದಲನೆಯವಳು ನಾನು. ನನಗೆ ಯಾರೂ ಏನನ್ನೂ ಸುಮ್ಮನೆ ಕೊಡಲಿಲ್ಲ. ಈ ಮಾತು ಹೇಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ದುಡಿದವರಿಗೆ ಕೂಲಿ, ಓದಿದವರಿಗೆ ಪಾಸು, ತಪ್ಪು ಮಾಡಿದವರಿಗೆ ಶಿಕ್ಷೆ. ಜಗತ್ತು ಹೀಗೇ ಇರಬೇಕೆಂದು ನಂಬಿದ್ದೆ. ಈಗ ಹೇಳುತ್ತಿರುವುದು ಆ ನಂಬಿಕೆ ನನ್ನ ಕಣ್ಣೆದುರಿಗೇ ಅಲುಗಾಡಿದ ಕತೆ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂಬ ಹೆಸರು ಬಂದ ಹೊಸತು. ನಾನು ಕೊನೆಯ ವರ್ಷದ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಟೀಚರಬಾಯಿಯ ಗಂಡನೂ ನಮ್ಮ ಅಪ್ಪನ ಹಾಗೆ ಖಣಿಯ ಕೆಲಸಗಾರ. ದೊಡ್ಡ ಹಾಸುಗಲ್ಲನ್ನು ಕೆಳಗಿನಿಂದ ಮೇಲಕ್ಕೆ ತರುವುದು ಇಬ್ಬರ ಕೆಲಸ. ಕಲ್ಲಿಗೆ ಹಗ್ಗ ಬಿಗಿದು ದಪ್ಪ ಬೊಂಬಿಗೆ ತೂಗುಹಾಕಿ, ಬೊಂಬಿನ ಒಂದು ತುದಿ ಮುಂದಿನವನ ಹೆಗಲಿಗೆ, ಇನ್ನೊಂದು ಹಿಂದಿನವನ ಹೆಗಲಿಗೆ. ಏರು ದಾರಿಯಲ್ಲಿ ಭಾರವೆಲ್ಲ ಹಿಂದಿನವನ ಮೇಲೆ ಬರುತ್ತದೆ. ಮುಂದಿನವನಿಗೆ ಹಿಂದಿನವ ಕಾಣುವುದಿಲ್ಲ. ಅವನು ಹಿಡಿದಿದ್ದಾನೆಂದು ನಂಬಿಯೇ ಕಾಲೆತ್ತಬೇಕು. ಮೇಲೆ ಮುಟ್ಟಿ ಮುಂದಿನವ ‘ಇಳಸು’ ಅನ್ನುವ ತನಕ ಹಿಂದಿನವ ಹೆಗಲು ತಗ್ಗಿಸುವಂತಿಲ್ಲ. ಖಣಿಯಲ್ಲಿ ಇದೊಂದು ಕಾಯಿದೆಯನ್ನು ಯಾರೂ ಮುರಿಯುತ್ತಿರಲಿಲ್ಲ.

ಅವತ್ತು ಮುರಿಯಿತು. ಟೀಚರಬಾಯಿಯ ಗಂಡ ಮುಂದೆ ಇದ್ದ. ಹಿಂದೆ ಇದ್ದವನು ಚಿತ್ತಾಪುರ ಕಡೆಯವ, ಎಲ್ಲರೂ ಅವನನ್ನು ‘ಚಿತ್ತಾಪುರದವ’ ಅಂತಲೇ ಕರೆಯುತ್ತಿದ್ದರು. ಅರ್ಧ ಏರಿನಲ್ಲಿ ಹಿಂದಿನ ತುದಿ ಬಿತ್ತು. ಮುಂದಿನವ ಅಂಗಾತ ಕೆಳಗೆ ಹೋದ, ಮೇಲೆ ಕಲ್ಲು... ಎತ್ತಿ ನೋಡುವಷ್ಟರಲ್ಲಿ ಜೀವ ಇರಲಿಲ್ಲ.

‘ಅವನ ಕಾಲು ಜಾರಿತು’ ಅಂದ ಚಿತ್ತಾಪುರದವ. ಅಪ್ಪ ಎದುರಿನ ದಂಡೆಯಲ್ಲಿ ನಿಂತು ಕಣ್ಣಾರೆ ನೋಡಿದ್ದ. ಕಾಲು ಜಾರಿರಲಿಲ್ಲ, ಇವನು ಹೆಗಲು ಬಿಟ್ಟಿದ್ದ. ಆದರೂ ಚಿತ್ತಾಪುರದವ ತನ್ನ ಮಾತು ಬದಲಿಸಲಿಲ್ಲ. ಮಣ್ಣಿಗೂ ಬರಲಿಲ್ಲ. ಟೀಚರಬಾಯಿಯ ಮನೆಯ ಮುಂದೆ ಹಾಯುವುದನ್ನೂ ಬಿಟ್ಟ.

ಖಣಿಯವರು ಪೊಲೀಸು, ಪಂಚಾಯಿತಿ ಅಂತ ಹೋಗಲಿಲ್ಲ. ಅವನ ಜೊತೆ ಯಾರೂ ಬೊಂಬು ಹಿಡಿಯಬಾರದು ಎಂದಷ್ಟೇ ತಮ್ಮೊಳಗೆ ಮಾತಾಡಿಕೊಂಡರು. ಅಷ್ಟು ಸಾಕಿತ್ತು. ಜೋಡಿ ಇಲ್ಲದವನಿಗೆ ಕೆಲಸ ಇಲ್ಲ ಅಂದ ಗುತ್ತೇದಾರ. ಚಿತ್ತಾಪುರದವ ದಿನಾ ಮುಂಜಾನೆ ಬಂದು ಖಣಿಯ ಬಾಯಿಗೆ ಕೂಡುತ್ತಿದ್ದ, ಬಿಸಿಲೇರಿದ ಮೇಲೆ ಎದ್ದು ಹೋಗುತ್ತಿದ್ದ. ಅವನ ಹೆಂಡತಿ ಗಂಟು ಕಟ್ಟುತ್ತಿದ್ದಾಳೆ, ಮಕ್ಕಳನ್ನು ಕರಕೊಂಡು ಊರು ಬಿಡುತ್ತಾರೆ ಎಂದು ಸುದ್ದಿಯಾಯಿತು. ‘ಹೋಗ್ಲಿ ಬಿಡು, ಪೀಡಾ ಹೋತು’ ಅಂದಳು ಅವ್ವ. ನನಗೂ ನ್ಯಾಯ ಅನ್ನಿಸಿತು.

ಆ ಸಂಜೆ ಟೀಚರಬಾಯಿ ನಮ್ಮ ಮನೆಗೆ ಬಂದರು. ಬಿಳಿ ಸೀರೆ, ಬರಿಗೈ. ಅವ್ವ ಚಾಪೆ ಹಾಸಿದಳು, ಅವರು ಕೂಡಲಿಲ್ಲ.

‘ಅಣ್ಣಾ, ನಾಳಿಂದ ನೀವು ಅವನ ಜೋಡಿ ಬೊಂಬು ಹಿಡೀರಿ’ ಅಂದರು.

ಅಪ್ಪನಿಗೆ ಯಾರ ಸುದ್ದಿ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ‘ಯಾರ ಜೋಡಿ? ಬಾಯಿ, ನಿಮಗ ತಲಿ ನೆಟ್ಟಗದನೋ ಇಲ್ಲೋ? ನಿಮ್ಮ ಕುಂಕುಮ ಅಳಿಸಿದವ ಅವ.’

‘ನಾವು ಕುಂಕುಮ ಹಚ್ಕೊಳ್ಳಂಗಿಲ್ಲಲ್ರಿ ಅಣ್ಣಾ’ ಎಂದು ಸಣ್ಣಗೆ ನಕ್ಕರು. ಆ ನಗೆ ನೋಡಿ ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

‘ಒಂದು ಸಲನಾರ ನಿಮ್ಮ ಬಾಗಿಲಿಗಿ ಬಂದು, ತಪ್ಪಾತು ಅಂದಾನೇನು?’

‘ಅಂದಿಲ್ಲ.’

‘ಮತ್ತ? ಕೇಳದವಗ ಮಾಫಿ ಹ್ಯಾಂಗ ಕೊಡ್ತೀರಿ?’

‘ನಾ ಏನು ಕೇಳಿದ್ದೆನ್ರಿ? ಯೇಸುಸ್ವಾಮಿ ನನ್ನ ಸಲುವಾಗಿ ಜೀವ ಕೊಡೂ ಮುಂದ ನಾ ಹುಟ್ಟೇ ಇರ್ಲಿಲ್ಲ. ತಪ್ಪಾತು ಅನ್ಲಿ, ಆಮ್ಯಾಲ ನೋಡೋಣಂತ ಅವ ನಿಂತಿದ್ರ ನನ್ನ ಗತಿ ಏನಿತ್ತು?’

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ‘ಹಂಗಾರ ನಿಮ್ಮ ಸ್ವಾಮಿಗೇ ಹೇಳ್ರಿ, ಬಂದು ಬೊಂಬು ಹಿಡೀಲಿ.’

‘ಅಂವ ಹಿಡೀಬೇಕಂದ್ರ ಯಾರದಾರ ಹೆಗಲು ಬೇಕಲ್ರಿ. ಅದಕ್ಕ ನಿಮ್ಮ ಬಾಗಿಲಿಗಿ ಬಂದೀನಿ.’

ಅಪ್ಪ ಎದ್ದು ಹೊರಗೆ ಹೋದ. ನಾನು ಸುಮ್ಮನಿರಲಿಲ್ಲ. ‘ಬಾಯಿ, ಒಂದು ಒತ್ತಕ್ಷರ ತಪ್ಪಿದ್ರ ನೀವು ನಮ್ಮ ಕಿವಿ ಹಿಂಡ್ತಿದ್ರಿ. ಇವಗ ಯಾಕ ಇಷ್ಟು ಸಸಾರ?’ ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ‘ನಪಾಸಾದ ಕೂಸಿಗಿ ತಾಯಿ ರೊಟ್ಟಿ ಕೊಡಂಗಿಲ್ಲೇನು? ಪಾಸಾದ ಮ್ಯಾಲೇ ಕೊಡ್ತಾಳೇನು? ಇದು ಸಸಾರ ಅಂತ ನಿನಗ ಯಾರು ಹೇಳಿದ್ರವ್ವ’ ಅಂದರು. ಬಾಗಿಲು ದಾಟುವಾಗ ಅವರ ಕೈ ಚೌಕಟ್ಟನ್ನು ಹಿಡಿದುಕೊಂಡಿತು... ಸ್ವಲ್ಪ ಹೊತ್ತು ಹಾಗೇ ನಿಂತು ಆಮೇಲೆ ಹೋದರು.

ಮರುದಿನ ಅಪ್ಪ, ಅವ್ವನ ಬುತ್ತಿ ತಗೊಂಡು ನಾನು ಖಣಿಗೆ ಹೋದಾಗ ಉಳಿ ಸುತ್ತಿಗೆಯ ಸದ್ದು ಇರಲಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಟೀಚರಬಾಯಿ ದಂಡೆಯ ಮೇಲೆ ನಿಂತಿದ್ದರು. ಕೆಳಗೆ ಚಿತ್ತಾಪುರದವನ ಎದುರು ಅವರ ಮಗ ಹೆಗಲಿಗೆ ಅರಿವೆ ಮಡಚಿಟ್ಟುಕೊಂಡು ನಿಂತಿದ್ದ. ಅವರಿಗಿದ್ದವನು ಅವನೊಬ್ಬನೇ. ಮ್ಯಾಟ್ರಿಕ್ ಮುಗಿಸಿ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದ. ಖಣಿಯ ಕೆಲಸ ಮಾಡಿದವನಲ್ಲ.

ಚಿತ್ತಾಪುರದವ ಹಿಂದೆ ಹಿಂದೆ ಸರಿಯುತ್ತಿದ್ದ. ‘ಬ್ಯಾಡ್ರಿ ಬಾಯಿ. ಬ್ಯಾರೆ ಯಾರನಾರ ಕೊಡ್ರಿ. ಇವನ ಬ್ಯಾಡ.’

‘ಬ್ಯಾರೆ ಯಾರೂ ಬರಂಗಿಲ್ಲಪ್ಪ. ನನಗಿದ್ದವ ಇವ ಒಬ್ಬನ. ಹಿಡಿ.’

ಮಗ ಮುಂದಿನ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ತನ್ನ ಅಪ್ಪ ಸತ್ತ ಜಾಗದಲ್ಲಿ, ಆ ಅಪ್ಪನನ್ನು ಬಿಟ್ಟವನಿಗೆ ಬೆನ್ನು ಕೊಟ್ಟು. ನನ್ನ ಮೈಯೆಲ್ಲ ಮುಳ್ಳೆದ್ದಿತು. ಈಗ ಬರೆಯುವಾಗಲೂ ಏಳುತ್ತದೆ.

ಕಲ್ಲು ಎದ್ದಿತು. ಒಂದೊಂದೇ ಹೆಜ್ಜೆ ಏರತೊಡಗಿದರು. ಅರ್ಧ ಏರಿಗೆ ಬಂದಾಗ ಹುಡುಗನ ಕಾಲಡಿಯ ಚೂರುಗಲ್ಲು ಸರಿಯಿತು. ಬೊಂಬು ಜಗ್ಗಿತು, ಕಲ್ಲು ತೂಗಾಡಿ ಹಿಂದಕ್ಕೆ ಬಂತು. ಅವ್ವ ನನ್ನ ರಟ್ಟೆ ಹಿಡಿದುಕೊಂಡಳು. ಚಿತ್ತಾಪುರದವನ ಮೊಣಕಾಲು ಮಡಚಿ ಕಲ್ಲಿಗೆ ಬಡಿಯಿತು. ಹೆಗಲು ಮಾತ್ರ ಹಾಗೇ ಇತ್ತು. ಕುತ್ತಿಗೆಯ ನರ ಉಬ್ಬಿ, ಕಣ್ಣು ಹೊರಬಂದು, ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ ಹುಡುಗ ಕಾಲೂರುವ ತನಕ ಆ ಭಾರವನ್ನೆಲ್ಲ ಅವನೊಬ್ಬನೇ ಹೊತ್ತ. ಮತ್ತೆ ಎದ್ದ. ಮತ್ತೆ ಹೆಜ್ಜೆ ಹಾಕಿದ.

‘ಇಳಸು’ ಅಂದ ಹುಡುಗ, ಮೇಲೆ ಬಂದು.

ಕಲ್ಲು ಇಳಿಸಿ ಚಿತ್ತಾಪುರದವ ಅದರ ಪಕ್ಕದಲ್ಲೇ ಕುಸಿದು ಕೂತ. ಮುಖ ಎತ್ತದೆ ಮಾತಾಡಿದ. ‘ಅವನ ಕಾಲು ಜಾರಿರ್ಲಿಲ್ಲ. ನನ್ನ ಹೆಗಲು ಉರೀಲಿಕತ್ತಿತ್ತು. ಒಂದು ಗಳಿಗಿ ಬಿಟ್ಟೆ. ನಾನ ಬಿಟ್ಟೆ...’

ಟೀಚರಬಾಯಿ ತಂಬಿಗೆ ಹಿಡಿದು ಅವನ ಹತ್ತಿರ ಹೋದರು. ‘ಗೊತ್ತದಪ್ಪ. ನೀರು ಕುಡಿ’ ಅಂದರು.

ಅಷ್ಟೇ ಅಂದರು. ‘ಗೊತ್ತದ’ ಎಂಬ ಆ ಮಾತಿನ ಮುಂದೆ ನಾನು ಕಲಿತದ್ದೆಲ್ಲ ನಿಂತು ನೋಡುತ್ತಿತ್ತು. ಅವನು ಒಪ್ಪಿಕೊಂಡದ್ದಕ್ಕೆ ಅವರು ಕ್ಷಮಿಸಿರಲಿಲ್ಲ. ಅವರು ಮೊದಲೇ ಕ್ಷಮಿಸಿದ್ದರಿಂದ ಅವನಿಗೆ ಒಪ್ಪಿಕೊಳ್ಳುವ ಧೈರ್ಯ ಬಂದಿತ್ತು.

ಅಪ್ಪ ಉಳಿ ಕೆಳಗಿಟ್ಟು ಬಂದು ಹುಡುಗನ ಹೆಗಲ ಮೇಲಿನ ಅರಿವೆ ತೆಗೆದುಕೊಂಡ. ‘ಅತ್ತ ಸರಿ ತಮ್ಮಾ, ನಿನ್ನ ಹೆಗಲು ಇನ್ನಾ ಹಸಿ ಅದ’ ಅಂದ. ಚಿತ್ತಾಪುರದವನ ಕಡೆ ನೋಡದೆ, ‘ಏಳೋ, ಇನ್ನೊಂದು ಕಲ್ಲು ತರೋಣ’ ಅಂದ. ಆಮೇಲೆ ಖಣಿ ಮುಚ್ಚುವ ತನಕ ಅವರಿಬ್ಬರೇ ಜೋಡಿ.

ಕೃಪೆ ಎನ್ನುವ ಮಾತು ಟೀಚರಬಾಯಿಯ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಬಡವರನ್ನು ಸಮಾಧಾನಪಡಿಸುವ ಮೆತ್ತನೆಯ ಮಾತು ಅಂದುಕೊಂಡಿದ್ದೆ. ಅದು ಹಾಸುಗಲ್ಲಿಗಿಂತ ಭಾರವಾದದ್ದೆಂದು ಆ ದಂಡೆಯ ಮೇಲೆ ನಿಂತಾಗ ಗೊತ್ತಾಯಿತು. ನಾನು ಕ್ರೈಸ್ತಳಾಗಲಿಲ್ಲ. ಆದರೆ ಅವರ ದೇವರು ಹೇಗೆ ಪ್ರೀತಿಸುತ್ತಾನೆಂದು ಯಾರಾದರೂ ಕೇಳಿದರೆ, ನಾನು ನೋಡಿದ್ದೇನೆ ಅನ್ನುತ್ತೇನೆ. ಓದಿದ್ದೇನೆ ಅನ್ನುವುದಿಲ್ಲ.

ಟೀಚರಬಾಯಿ ತೀರಿಕೊಂಡಾಗ ನಾನು ಚಿಂಚೋಳಿ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಸುದ್ದಿ ಮುಟ್ಟಿದಾಗ ಮಣ್ಣು ಆಗಿಹೋಗಿತ್ತು. ಹೋದ ಕ್ರಿಸ್‌ಮಸ್ಸಿಗೆ ವಾಡಿಯಲ್ಲಿ ಅವರ ಮಗನ ಮನೆಗೆ ಹೋಗಿದ್ದೆ. ರೈಲ್ವೆಯಿಂದ ನಿವೃತ್ತನಾಗಿದ್ದಾನೆ, ತಲೆ ಪೂರ್ತಿ ಬೆಳ್ಳಗೆ. ಇಷ್ಟು ವರ್ಷ ಕೇಳಬೇಕೆಂದು ಕೇಳದೇ ಉಳಿದದ್ದನ್ನು ಕೇಳಿದೆ. ‘ಅವತ್ತ ನಿಮ್ಮವ್ವ ಹೋಗು ಅಂದಾಗ ನಿನಗ ಅಂಜಿಕಿ ಆಗ್ಲಿಲ್ಲೇನೋ ತಮ್ಮಾ?’

ಅವನು ತಲೆ ಅಲ್ಲಾಡಿಸಿದ. ‘ಅವ್ವ ಹೋಗು ಅಂದಿರ್ಲಿಲ್ಲಕ್ಕಾ. ನಿಮ್ಮ ಮನಿಗಿ ಬಂದು ಹೋದ್ಲಲ್ಲ, ಬಂದು ಒಲಿ ಮುಂದ ಕುಂತುಬಿಟ್ಲು. ನಾ ಹಿಡೀಲೇನವ್ವಾ ಅಂತ ನಾನೇ ಕೇಳಿದೆ. ಅಕಿ ಭಾಳ ಅತ್ಲು. ಭಾಳಂದ್ರ ಭಾಳ. ಆಮ್ಯಾಲ ಹೂಂ ಅಂದ್ಲು.’

ಕೊಟ್ಟವರು ತಾಯಿ ಒಬ್ಬರೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ; ಮಗನೂ ತನ್ನನ್ನೇ ಕೊಟ್ಟಿದ್ದ. ತಾನಾಗಿ ಹೋದ ಮಗನನ್ನು ತಡೆಯದೆ, ಅಳುತ್ತ ‘ಹೂಂ’ ಅಂದ ತಾಯಿಯನ್ನು ನಾನು ನೋಡಿರಲಿಲ್ಲ. ಒಂದು ಸಲ ಅವರ ಪಕ್ಕದಲ್ಲಿ ಕೂತು, ಬಾಯಿ, ಈಗ ತಿಳಿಯಿತು ಅನ್ನಬೇಕಿತ್ತು... ಅವರಿಲ್ಲ. ಮಗ ಒಳಗಿನಿಂದ ಕೇಕು ತಂದು ಕೈಗಿಟ್ಟ. ಇಬ್ಬರೂ ಕೂಡಿ ತಿಂದೆವು.