ಬಾರ್ ದೊಡ್ಡದು ಮಾಡಿದ್ದು

ಶಿಗ್ಗಾಂವದ ಆ ಬಾರಿನಲ್ಲಿ ನನ್ನನ್ನು ‘ಫ್ಯಾಮಿಲಿ’ ಎಂದು ಕರೆಯುತ್ತಿದ್ದರು. ಹಿಂದಿನ ಪುಟ್ಟ ಖೋಲಿಯ ಬಾಗಿಲಿಗೆ ಹಾಗೆಂದು ಬರೆದಿತ್ತು. ಒಳಗೆ ಒಂದೇ ಟೇಬಲ್ಲು, ಅದಕ್ಕೆ ನಾನೊಬ್ಬಳೇ ಗಿರಾಕಿ. ‘ಫ್ಯಾಮಿಲಿಗೆ ಒಂದ್ ತತ್ತಿ ಸಾರು!’ ಎಂದು ವೇಟರ್ ಅಡುಗೆಮನೆಗೆ ಕೂಗಿದಾಗೆಲ್ಲ ನಗು ಬರುತ್ತಿತ್ತು. ಮದುವೆಯಾಗದ ಅತಿಥಿ ಉಪನ್ಯಾಸಕಿಗೆ ಅಷ್ಟು ಸಲೀಸಾಗಿ ಫ್ಯಾಮಿಲಿ ಇನ್ನೆಲ್ಲಿ ಸಿಗಬೇಕು?

ಕಾಲೇಜು ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಬಿಸಿ ರೊಟ್ಟಿ, ತತ್ತಿ ಸಾರು, ಪಕ್ಕಕ್ಕೆ ಒಂದು ಹಿಡಿ ಕುರುಕಲು ಸವಣೂರು ಖಾರಾ. ಜೊತೆಗೆ ಎಲಿ ಸೋಡಾ. ಅಡುಗೆಯ ಚಾಚಾ ತಮ್ಮ ಸವಣೂರಿನ ವೀಳ್ಯದೆಲೆ ಜಜ್ಜಿ, ನಿಂಬೆ ಹಿಂಡಿ, ಜಿನ್ನಿಗೆ ಸೋಡಾ ಬೆರೆಸಿ ಕೊಡುತ್ತಿದ್ದರು. ದೊಡ್ಡ ಊರಿನಲ್ಲಿ ಇದಕ್ಕೇ ಕಾಕ್‌ಟೇಲ್ ಎಂದು ಹೆಸರಿಟ್ಟು ಕಿಸೆ ಕತ್ತರಿಸುತ್ತಾರೆ. ಇಲ್ಲಿ ನನ್ನ ಸಂಬಳಕ್ಕೂ ಎಟುಕುತ್ತಿತ್ತು. ಎಲ್ಲಕ್ಕಿಂತ ಮುಖ್ಯ, ಆ ಒಂದು ತಾಸು ‘ಯಾವಾಗ ಮದವಿ?’ ಎಂದು ಯಾರೂ ಕೇಳುತ್ತಿರಲಿಲ್ಲ. ಬಾಡಿಗೆ ಮನೆಯ ಮಾಲಕಿ ಕೇಳುತ್ತಿದ್ದಳು, ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದರು, ನಮ್ಮೂರು ಹಿರೇಕೆರೂರಿಗೆ ಹೋದರೆ ಅವ್ವ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು. ಆ ಖೋಲಿ ಇರದಿದ್ದರೆ ನಾನು ಯಾರನ್ನಾದರೂ ಕಚ್ಚಿಬಿಡುತ್ತಿದ್ದೆ.

ಬಾರಿನ ಮಾಲಕರು ಹಣೆತುಂಬ ವಿಭೂತಿಯ ಹಿರಿಯರು. ಅಶುಭದ ಮಾತು ಅವರ ಬಾಯಲ್ಲಿ ಬರುವುದಿಲ್ಲ. ನಮ್ಮ ಅವ್ವನೂ ದೀಪ ಆರಿಸು ಅನ್ನುವುದಿಲ್ಲ, ‘ದೊಡ್ಡದು ಮಾಡು’ ಅನ್ನುತ್ತಾಳೆ. ಬಳೆ ಒಡೆದರೆ ‘ಹೆಚ್ಚಾತು’. ಇವರು ಆ ರೂಢಿಯನ್ನು ಬಾರಿಗೂ ತಂದಿದ್ದರು. ಬಾಟಲಿ ಖಾಲಿಯಾದರೆ ‘ರಮ್ ಹೆಚ್ಚಾತ್ರಿ’ ಎನ್ನುವರು. ಹೊಸಬರು ಖುಷಿಯಾಗಿ ಇನ್ನೆರಡು ಪೆಗ್ ಹೇಳಿಬಿಡುತ್ತಿದ್ದರು. ‘ಆ ಲೈಟ್ ದೊಡ್ಡದು ಮಾಡಪಾ’ ಅಂದರೆ ವೇಟರ್ ಹೋಗಿ ಅದನ್ನು ಆರಿಸುತ್ತಿದ್ದ.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಹೋದರೆ ಬೋರ್ಡು ಇಳಿಸಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು.

‘ಏನ್ರಿ ಇದು?’

‘ಸೋಮವಾರದಿಂದ ಬಾರ್ ದೊಡ್ಡದು ಮಾಡ್ತೇವ್ರಿ,’ ಎಂದರು ಮಾಲಕರು, ಅದೇ ಮೆತ್ತನೆಯ ದನಿಯಲ್ಲಿ.

ಮುಂದೆ ಕೇಳುವ ಧೈರ್ಯವಾಗಲಿಲ್ಲ. ‘ಒಳ್ಳೇದಾಗ್ಲಿರಿ’ ಎಂದು ಹೊರಬಿದ್ದೆ. ರೂಮಿಗೆ ಬಂದು ಅತ್ತೆ. ಬಾರು ಮುಚ್ಚಿತೆಂದು ಹೆಣ್ಣುಮಗಳೊಬ್ಬಳು ಅಳುವುದನ್ನು ಕಂಡರೆ ಊರು ಏನಂದೀತು ಎಂದು ಸಿಟ್ಟೂ ಬಂತು. ಆಮೇಲೆ ಆ ರಸ್ತೆಯನ್ನೇ ಬಿಟ್ಟೆ. ಮನೆ ಮಾಲಕಿಯ ಜೊತೆ ಉಂಡೆ. ಅವಳು ರೊಟ್ಟಿಗೊಂದರಂತೆ ವರಗಳನ್ನೂ ಬಡಿಸಿದಳು.

ಮಳೆ ಹಿಡಿದ ಮೇಲೆ ಒಂದು ದಿನ ಸಂತೆಯಲ್ಲಿ ಚಾಚಾ ಸಿಕ್ಕರು, ಕಂಕುಳಲ್ಲಿ ಎಲೆಯ ಕಟ್ಟು.

‘ಈಗ ಎಲ್ಲಿ ಕೆಲಸಾ ಮಾಡಾಕತ್ತೀರಿ ಚಾಚಾ?’

‘ಎಲ್ಲಿ ಅಂದ್ರ? ಅಲ್ಲೇ! ನೀವ್ಯಾಕ ಬರವಲ್ರಿ ಮೇಡಂ?’

‘ದೊಡ್ಡದು ಮಾಡ್ತೇವಿ ಅಂದಿದ್ರಲ್ಲ!’

‘ಹೌದ್ರಿ, ಮಾಡ್ಯಾರ. ಬಾಜೂ ಅಂಗಡಿ ತಗೊಂಡು ಖರೇನ ದೊಡ್ಡದು ಮಾಡ್ಯಾರ!’

ಸಂತೆಯ ನಡುವೆ ನಿಂತು ಹುಚ್ಚಿಯ ಹಾಗೆ ನಕ್ಕೆ. ಬಾರಿಗೆ ಹೋಗುವ ದಾರಿಯಲ್ಲಿ ನಗು ಇಳಿಯಿತು. ಗೋಡೆ ಒಡೆದಿದ್ದಾರೆಂದರೆ ನನ್ನ ಖೋಲಿಯೂ ಹೋಗಿರಬೇಕಲ್ಲ?

ಹೋಗಿತ್ತು. ಆ ಜಾಗದಲ್ಲಿ ನಾಲ್ಕೈದು ಟೇಬಲ್ಲಿನ, ಕಿಟಕಿಯಿರುವ ಅಗಲವಾದ ಕೋಣೆ ಎದ್ದಿತ್ತು. ಕಿಟಕಿಯ ಹತ್ತಿರ ಇಬ್ಬರು ನರ್ಸುಗಳು ಕೂತು ಉಣ್ಣುತ್ತಿದ್ದರು. ನನ್ನ ಜಾಗದಲ್ಲಿ ಇವರ್ಯಾರು ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಮಾಲಕರು ಬಂದರು.

‘ಎಲ್ಲಿ ಹೋಗಿದ್ರಿ ಮೇಡಂ? ಇವ್ರು ಎಷ್ಟ್ ಸಲ ಬಂದು ಬಾಗಲ್ದಿಂದ ತಿರುಗಿ ಹೋದ್ರು. ಆ ಮೇಡಂ ಒಬ್ರ ಕುಂತು ಉಣ್ತಾರಲ್ಲ, ನಮಗೂ ಜಾಗಾ ಮಾಡ್ರಿ ಅಂದ್ರು. ಇದ್ದದ್ದ ಒಂದು ಟೇಬಲ್, ನಿಮ್ಮನ್ನ ಹೆಂಗ ಎಬ್ಬಸೂದು? ಅದಕ್ಕ ಗ್ವಾಡಿ ಒಡಸಿದ್ವಿ.’

ನನ್ನನ್ನು ಯಾರೂ ನೋಡುತ್ತಿಲ್ಲ ಎಂದು ಇಷ್ಟು ದಿನ ನೆಮ್ಮದಿಯಾಗಿದ್ದೆ. ನೋಡುತ್ತಿದ್ದರು ಎಂದು ತಿಳಿದದ್ದು ಅದಕ್ಕಿಂತ ದೊಡ್ಡ ನೆಮ್ಮದಿಯಾಯಿತು.

‘ಬರ್ರಿ ಅಕ್ಕಾ, ಕುಂದ್ರರಿ,’ ಎಂದು ಒಬ್ಬಳು ಸರಿದು, ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದಳು. ಇವಳೂ ಈಗ ಮದುವೆ ವಿಷಯ ತೆಗೆಯುತ್ತಾಳೆ ಎಂದು ಕಾದೆ.

‘ಉಣ್ರಿ,’ ಅಂದಳು, ‘ಆರತೈತಿ.’