ಯಾವ ಸಾಧನೆಗೆ ಶಾಲು

ಭಟ್ಕಳದಿಂದ ಬರುವ ಬೆಳಗಿನ ಬಸ್ಸು ಹೊನ್ನಾವರ ಮುಟ್ಟುವಾಗ ತುಂಬಿ ತುಳುಕುತ್ತಿರುತ್ತದೆ. ಆದರೂ ಅಲ್ಲಿ ಹತ್ತುವ ನನಗೆ ಕುಮಟಾದ ಕಾಲೇಜಿನವರೆಗೆ ಒಂದು ಸೀಟು ಗ್ಯಾರಂಟಿ. ಭಟ್ಕಳದಲ್ಲೇ ಹತ್ತುವ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಪಕ್ಕದಲ್ಲಿ ಬ್ಯಾಗಿಟ್ಟು ಜಾಗ ಹಿಡಿದಿರುತ್ತಾರೆ. ಅವರು ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವರು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಬಣ್ಣ, ಅದೇ ಗುಂಗುರು ಕೂದಲು. ದಾರಿಯುದ್ದಕ್ಕೂ ಪ್ರಿನ್ಸಿಪಾಲರ ಅಣಕ ಮಾಡಿ ನನ್ನನ್ನು ನಗಿಸುತ್ತಾರೆ.

ಈಚೆಗೆ ಕಾಲೇಜಿನಲ್ಲಿ 'ಅಮೆರಿಕದ ವರ್ಣಭೇದ ಮತ್ತು ರಾಜಕೀಯ ನಾಯಕತ್ವ' ಎಂದು ನನ್ನದೊಂದು ಉಪನ್ಯಾಸವಿತ್ತು. ರಾಜ್ಯಶಾಸ್ತ್ರದ ಮೇಷ್ಟ್ರಲ್ಲವೇ, ಮೈಕು ಸಿಕ್ಕರೆ ಸಾಕು. ನಮ್ಮಲ್ಲಿ ಕಾರ್ಯಕ್ರಮವೆಂದರೆ ಯಾರಿಗಾದರೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಲೇಬೇಕು. "ಈ ಸಲ ಯಾರಿಗೆ ಮಾಡ್ವ?" ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನೇ ಮೇಡಂ ಹೆಸರು ಸೂಚಿಸಿದೆ. ವಿಷಯಕ್ಕೆ ಎಷ್ಟು ಸರಿಹೊಂದುತ್ತದೆ ಎಂದು ಒಳಗೊಳಗೇ ಬೀಗಿದೆ ಕೂಡ. ಅವರಿಗೆ ಮೊದಲೇ ಹೇಳಲಿಲ್ಲ. ಸರ್‌ಪ್ರೈಸ್ ಅಂತೆ, ನನ್ನ ತಲೆ.

ವೇದಿಕೆಯಲ್ಲಿ ಗಂಟಲು ಹರಿದುಕೊಂಡೆ. ಅಮೆರಿಕದಲ್ಲಿ ಕಪ್ಪು ಮನುಷ್ಯ ಅಧ್ಯಕ್ಷನಾದ ಮೇಲೂ 'ನೀನು ನಿಜವಾಗಿ ಎಲ್ಲಿಯವನು' ಎಂದು ಅವನನ್ನು ಕೇಳಿದವರಿದ್ದರು, ಎಂಥ ನಾಚಿಕೆಗೇಡು ಎಂದೆ. ಚಪ್ಪಾಳೆ ಬಿತ್ತು. ಅದರ ಬೆನ್ನಿಗೇ ಮೇಡಂ ಅವರನ್ನು ಮೇಲೆ ಕರೆದು, "ಆಫ್ರಿಕಾ ಮೂಲದ ನಮ್ಮ ಹೆಮ್ಮೆ" ಎಂದು ಪರಿಚಯಿಸಿ ಶಾಲು ಹೊದಿಸಿದೆ. ಫೋಟೊದವನು ಎಷ್ಟು ಹೇಳಿದರೂ ಅವರು ನಗಲಿಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ ಶಾಲು ಮಡಚುತ್ತ ಕೇಳಿದರು. "ಸರ್, ಇದು ಎಂತಕ್ಕೆ? ನಾನು ಎಂತ ಸಾಧನೆ ಮಾಡಿದ್ದೆ?"

"ಅಂದ್ರೆ, ನಿಮ್ಮ ಸಮುದಾಯ..."

"ಇಷ್ಟು ದಿನ ಬಸ್ಸಲ್ಲಿ ನೀವು ನನ್ನ ಜೊತೆ ಕೂತಿದ್ರಿ ಅಂದ್ಕೊಂಡಿದ್ದೆ. ಸಮುದಾಯದ ಜೊತೆ ಕೂತಿದ್ರಾ?"

ಮನೆಗೆ ಹೋದಾಗ ಹೆಂಡತಿ "ಭಾಷಣ ಹೆಂಗಾತು?" ಎಂದಳು. "ಚಲೋ ಆತು" ಎಂದೆ.

ಮರುದಿನ ಬಸ್ಸು ಹತ್ತುವಾಗ, ಮೇಡಂ ಜಾಗ ಹಿಡಿದಿರುವುದಿಲ್ಲ ಎಂದುಕೊಂಡೆ. ಹಿಡಿಯದಿದ್ದರೆ ನನಗೂ ಸಲೀಸಾಗುತ್ತಿತ್ತು. ಅವರು ಎಂದಿನಂತೆ ಬ್ಯಾಗೆತ್ತಿ ತೊಡೆಯ ಮೇಲಿಟ್ಟುಕೊಂಡು, "ಕೂತ್ಕೊಳಿ ಸರ್" ಎಂದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲೂ ಆಗಲಿಲ್ಲ. ಪರವಾಗಿಲ್ಲ ಎಂದು ಗೊಣಗಿ ಕಂಬಿ ಹಿಡಿದು ನಿಂತೆ. ನನ್ನ ಹಿಂದೆ ಮುಂದೆ ನಿಂತಿದ್ದ ಜನ ಖಾಲಿ ಸೀಟು ನೋಡಿ, ಮೇಡಂ ಮುಖ ನೋಡಿ, ಬೇರೆ ಕಡೆ ತಿರುಗಿ ನಿಂತೇ ಇದ್ದರು. ಮೇಡಂ ಬ್ಯಾಗನ್ನು ತೊಡೆಯ ಮೇಲಿಂದ ತೆಗೆದು ಮತ್ತೆ ಸೀಟಿನ ಮೇಲಿಡಲಿಲ್ಲ. ಕುಮಟಾ ಬರುವವರೆಗೂ ಆ ಖಾಲಿ ಸೀಟಿನಲ್ಲಿ, ನನ್ನನ್ನೂ ಸೇರಿಸಿ, ಯಾರೂ ಕೂರಲಿಲ್ಲ.