ಬಾಕ್ಸಿನ ಬೆನ್ನ ಮೇಲಿನ ಅಂಗೈ

ನಾನು ಶಾಲೆ ಬಿಟ್ಟದ್ದು 1996ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಹಾಗಾಗಿ ನನಗೆ ಕಲಿಸಿದವರು ಯಾರು ಎಂದು ಕೇಳಿದರೆ ಮೊದಲು ಕಣ್ಣಿಗೆ ಬರುವುದು ಒಂದು ಅಂಗೈ. ಅಗಲ ಅಂಗೈ, ಗಂಟುಬಿದ್ದ ಬೆರಳು, ಎಂದೋ ಸ್ಪೀಕರ್ ಬಿದ್ದು ಕಪ್ಪಾದ ಹೆಬ್ಬೆರಳಿನ ಉಗುರು. ಆ ಅಂಗೈಯನ್ನು ಸ್ಪೀಕರ್ ಬಾಕ್ಸಿನ ಬೆನ್ನಿಗೆ ಒತ್ತಿ ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವವರ ಹಾಗೆ.

ಜಾಲ್ಸೂರಿನಲ್ಲಿ ಅವರದ್ದು ಮೈಕ್ ಸೆಟ್ಟಿನ ಅಂಗಡಿ. ನಮಗೆಲ್ಲ ಅವರು ಕಾಕ. ಗಲ್ಫಿನಲ್ಲಿ ಒಂದು ಹೋಟೆಲಿನ ಸೌಂಡ್ ರೂಮಿನಲ್ಲಿ ದುಡಿದು ಬಂದವರು. ಬರುವಾಗ ರೂಮಿನ ಜೊತೆಗಾರ ಕೊಟ್ಟ ಒಂದು ಇಂಗ್ಲಿಷ್ ಕ್ಯಾಸೆಟ್ ತಂದಿದ್ದರು. ಈ ನಮೂನೆಯ ಸಂಗೀತಕ್ಕೆ ಥ್ರ್ಯಾಶ್ ಮೆಟಲ್ ಅಂತ ಹೆಸರು ಎಂದು ಅವರೇ ಹೇಳಿದ್ದು. ರಿಪೇರಿಯಾದ ಸ್ಪೀಕರ್ ಇರಲಿ, ಹೊಸ ಬಾಕ್ಸ್ ಇರಲಿ, ಆ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ತಡೆದುಕೊಳ್ಳದೆ ಅಂಗಡಿಯಿಂದ ಹೊರಗೆ ಹೋಗುವಂತಿರಲಿಲ್ಲ.

ಒಮ್ಮೆ ಶಾಲಾ ವಾರ್ಷಿಕೋತ್ಸವದ ಮೈದಾನದಲ್ಲಿ ಅದನ್ನು ಹಾಕಿದಾಗ ಸಮಿತಿಯ ಅಧ್ಯಕ್ಷರು ಪಂಚೆ ಎತ್ತಿಕೊಂಡು ಓಡಿ ಬಂದರು.

"ಎಂತ ಮಾರಾಯ್ರೆ ಇದು? ಯಾರನ್ನು ಕೊಲ್ಲುದು?"

"ಇದಕ್ಕೆ ತಡೆದ್ರೆ ನಿಮ್ಮ ಸ್ವಾಗತ ಭಾಷಣಕ್ಕೂ ತಡೀತದೆ" ಎಂದರು ಕಾಕ, ಕಣ್ಣು ತೆರೆಯದೆ.

ನಾನು ಆಗ ಕುಂಬ್ರದಲ್ಲಿ ಮರದ ಕೆಲಸ ಕಲಿತು, ಸ್ವಂತ ಶೆಡ್ ಹಾಕಿದ್ದೆ ಅಷ್ಟೆ. ನಾನು ಕೂರಿಸಿದ ಬಾಗಿಲಿಗೆ ಯಾರೂ ತಪ್ಪು ಹೇಳಿದ್ದಿಲ್ಲ. ಕಾಕ ಎರಡು ಸ್ಪೀಕರ್ ಬಾಕ್ಸ್ ಮಾಡಿಕೊಡಲು ಹೇಳಿದಾಗ, ಇದೆಂತ ದೊಡ್ಡ ವಿಷಯ ಅಂದುಕೊಂಡೆ. ಆದರೆ ಅವರಿಗೆ ಒಪ್ಪಿಗೆಯಾದರೆ ಸುಳ್ಯದಿಂದ ಕಡಬದ ತನಕ ಮೈಕಿನವರೆಲ್ಲ ನನ್ನಲ್ಲಿಗೆ ಬರುತ್ತಾರೆ, ಆಗದಿದ್ದರೆ ಅದೂ ಅಷ್ಟೇ ಬೇಗ ಊರಿಗೆ ಗೊತ್ತಾಗುತ್ತದೆ ಎಂಬುದು ನನಗೆ ತಿಳಿದೇ ಇತ್ತು.

ಪಾಲಿಶ್ ಹೊಡೆದು ತಂದಿಟ್ಟೆ. ಕಾಕ ಕ್ಯಾಸೆಟ್ ಹಾಕಿದರು. ಮರ ಹೆರೆಯುವ ಪ್ಲೇನರ್ ಮೆಷಿನಿಗೆ ಮೊಳೆ ಸಿಕ್ಕಿದ ಹಾಗೆ ಗಿಟಾರು. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಡ್ರಮ್ಮು. ಹಾಡುವವನಂತೂ ಹಾಡುವುದೇ ಅಲ್ಲ, ಪಕ್ಕದ ಜಾಗದವನೊಟ್ಟಿಗೆ ಗಡಿ ತಕರಾರು! ಎರಡನೇ ಪದ್ಯ ಮುಗಿಯುವ ಮೊದಲೇ ಕಾಕ ಕೈ ತೆಗೆದರು.

"ಒಳಗೆ ಯಾರೋ ಹಲ್ಲು ಕಡೀತಾ ಇದ್ದಾರೆ ಆಚಾರಿ. ತಕೊಂಡು ಹೋಗು."

ನನಗೆ ತಲೆಗೆ ಏರಿತು. "ಈ ಗಲಾಟೆ ಪದ್ಯ ಯಾವ ಮದುವೆಗೆ ಹಾಕ್ತಾರೆ ಕಾಕ? ಇದರಲ್ಲಿ ಹಲ್ಲಿನ ಸದ್ದು ಕೇಳಿದ್ದು ನಿಮಗೊಬ್ಬರಿಗೇ!"

ಅವರು ಸಿಟ್ಟು ಮಾಡಲಿಲ್ಲ. ಸ್ಟೂಲ್ ಎಳೆದು ನನ್ನನ್ನು ಕೂರಿಸಿ, ನನ್ನ ಬಾಕ್ಸ್ ಬದಿಗಿಟ್ಟು, ತಮ್ಮ ಹಳೆಯ ಬಾಕ್ಸಿಗೆ ವಯರು ಕೊಟ್ಟರು. ನನ್ನ ಕೈ ಹಿಡಿದು ಅದರ ಬೆನ್ನಿಗೆ ಒತ್ತಿದರು.

"ಕೇಳು. ಎಷ್ಟು ಜೋರು ಓಡಿದ್ರೂ ಒಂದು ಏಟು ಇನ್ನೊಂದರ ಮೇಲೆ ಬೀಳುದಿಲ್ಲ. ಇದು ಗಲಾಟೆ ಅಲ್ಲ ಮಾರಾಯ. ಗಲಾಟೆ ಮಾಡುದು ನಿನ್ನ ಬಾಕ್ಸು."

ಸುಮಾರು ಹೊತ್ತು ಎಂತದೂ ಗೊತ್ತಾಗಲಿಲ್ಲ. ಆಮೇಲೆ ಅಂಗೈಗೆ ಒಂದೊಂದೇ ಏಟು ಬೇರೆ ಬೇರೆಯಾಗಿ ಬರತೊಡಗಿತು, ಒಳ್ಳೆಯ ಕೆಲಸಗಾರ ಹೊಡೆದ ಮೊಳೆಗಳ ಸಾಲಿನ ಹಾಗೆ. ಅಷ್ಟು ಸಿಟ್ಟಿನ ಪದ್ಯದಲ್ಲಿ ಅಷ್ಟು ಅಚ್ಚುಕಟ್ಟು! ಅಷ್ಟರಲ್ಲಿ ಮಸೀದಿಯಲ್ಲಿ ಬಾಂಗ್ ಆಯಿತು. ಕಾಕ ಕಿರುಚಾಟದ ನಡುವೆಯೇ ನಿಲ್ಲಿಸಿದರು. ಬಾಂಗ್ ಮುಗಿಯಿತು. ನನ್ನ ಅಂಗೈಯೊಳಗೆ ಆ ಓಟ ಇನ್ನೂ ನಿಂತಿರಲಿಲ್ಲ.

ಆ ಬಾಕ್ಸುಗಳನ್ನು ವಾಪಸ್ ತಂದು ಮೂಲೆಗಿಟ್ಟೆ. ಹೊಸ ಜೋಡಿ ಮಾಡಿದೆ. ಹಲಗೆ ಅದುರದ ಹಾಗೆ ಒಳಗೆ ಅಡ್ಡಪಟ್ಟಿ ಕೊಟ್ಟು, ಬೆನ್ನಿನ ಹಲಗೆಗೆ ಮೊಳೆಯ ಬದಲು ಅಂಟು ಮತ್ತು ಸ್ಕ್ರೂ ಹಾಕಿದೆ. ಈ ಸಲ ಕ್ಯಾಸೆಟ್ಟಿನ ಬದಿ ಮುಗಿದು ಟಕ್ಕೆಂದು ಬಟನ್ ಎದ್ದರೂ ಕಾಕನ ಕೈ ಬಾಕ್ಸಿನ ಮೇಲೆಯೇ ಇತ್ತು.

"ಇದು ನಿಲ್ತದೆ" ಎಂದರು. ಮುಂದಿನ ವಾರ ಗುತ್ತಿಗಾರಿನಿಂದ ಒಬ್ಬರು ಜೀಪು ತಂದು, "ಜಾಲ್ಸೂರಿನ ಪದ್ಯಕ್ಕೆ ತಡೆದ ಬಾಕ್ಸು ನಿಮ್ಮದಾ?" ಎಂದು ಕೇಳಿದರು.

ಕೊನೆಗಾಲಕ್ಕೆ ಅವರಿಗೆ ಕಿವಿ ಪೂರ್ತಿ ಮಂದವಾಯಿತು. ಆದರೂ ನನ್ನ ಶೆಡ್ಡಿಗೆ ಬಂದು ಅಂಗೈ ಇಟ್ಟು ನಿಲ್ಲುತ್ತಿದ್ದರು. "ಕಿವಿ ಹೋಯ್ತು ಆಚಾರಿ, ಕೈ ಉಂಟಲ್ಲ" ಎಂದು ನಗುತ್ತಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಮೇಲೆ ಅವರ ಮಗ ಅಂಗಡಿಯ ಆ ಟೇಪ್‌ರೆಕಾರ್ಡರ್ ತಂದು ಮೇಜಿನ ಮೇಲಿಟ್ಟ. "ಉಪ್ಪ ಹೇಳಿದ್ರು, ಆಚಾರಿಗೆ ಕೊಡು ಅಂತ." ಕ್ಯಾಸೆಟ್ ಅದರೊಳಗೇ ಇತ್ತು.

ಈಗಲೂ ನನ್ನಲ್ಲಿಂದ ಹೊರಡುವ ಪ್ರತಿ ಬಾಕ್ಸೂ ಆ ಬದಿ ಮುಗಿಸಿಯೇ ಹೋಗುವುದು. ಹೊಸ ಕೆಲಸದವರು ಮೊದಲ ದಿನ ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಅವರ ಕೈ ಹಿಡಿದು ಬಾಕ್ಸಿನ ಬೆನ್ನಿಗೆ ಒತ್ತುತ್ತೇನೆ. ಬಾಂಗ್ ಆದರೆ ನಿಲ್ಲಿಸುತ್ತೇನೆ.

ನನಗೀಗ ಸ್ವಂತ ಶೆಡ್ ಒಂದು, ಮೆಷಿನು ನಾಲ್ಕು, ಕೆಲಸಕ್ಕೆ ಮೂರು ಜನ, ಕ್ಯಾಸೆಟ್ ಒಂದು, ಮತ್ತು ಎಷ್ಟು ಕೇಳಿದರೂ ಯಾರಿಗೂ ಕೊಡದ, ಹಲ್ಲು ಕಡಿಯುವ ಬಾಕ್ಸು ಎರಡು.